ನನಗೆ ಪ್ರಿಯವಾದ ಗ್ರಂಥ



ನನಗೆ ಅತ್ಯಂತ ಪ್ರಿಯವಾದ ಗ್ರಂಥವಾವುದೆಂದು ಕೇಳಿರುವಿರಿ. ಪಾಠಶಾಲೆಯಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಶ್ರಮದಿಂದಲೂ, ಚಾಮರಸನ ಪ್ರಭುಲಿಂಗಲೀಲೆಯನ್ನು ಭಕ್ತಿಯಿಂದಲೂ ಓದಿದೆನು. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನಾದರೋ ಭಯದಿಂದ ಓದಿದೆನು. ಅದೇ ನನಗೆ ಪ್ರಿಯವಾದುದು.

ಬಾಲ್ಯದಲ್ಲಿ ಗುರುಗಳ ಪ್ರತಿಯನ್ನು ಕೇಳಿ ತಂದು, ಈ ರಾಮನಾಥಪುರದ ಕಾವೇರಿಯ ಸೋಪಾನದಲ್ಲಿ ಕುಳಿತು ಮೀನುಗಳನ್ನು ನೋಡುತ್ತಿರಲು, ಪುಸ್ತಕವು ಜಾರಿ ನೀರಿಗೆ ಬಿದ್ದಿತು. ಮಳೆಯಲ್ಲಿ ನೆನೆಯಿತೆಂದು ಗುರುಗಳಿಗೆ ಸುಳ್ಳಾಡಿದೆನು. ಅವರು ನಂಬಿ, ಹಾಳೆಗಳನ್ನು ಬಿಸಿಲಿಗೆ ಹರಡಿ, ಮರುದಿನ ನನ್ನಿಂದಲೇ ವಾಚನ ಮಾಡಿಸಿದರು. ಅದು ಸ್ಮಶಾನದ ಪ್ರಸಂಗ. ಸತ್ತ ಮಗನನ್ನು ಹೊತ್ತು ತಂದ ಸತಿಯಿಂದಲೇ ಒಡೆಯನಿಗೆ ಸಲ್ಲುವ ತೆರೆಯನ್ನು ಕೇಳಿದ ಹರಿಶ್ಚಂದ್ರನೆಲ್ಲಿ, ಒಂದು ಬೈಗುಳಕ್ಕೆ ಅಂಜಿದ ನಾನೆಲ್ಲಿ! ಕಂಠವು ಬಿಗಿಯಿತು, ನಿಜವನ್ನು ಅರಿಕೆಮಾಡಿಕೊಂಡೆನು. “ಈಗ ಅರ್ಥವಾಯಿತು, ಮುಂದೆ ಓದಪ್ಪಾ” ಎಂದರು ಗುರುಗಳು.

ನರರನ್ನು ಹೊಗಳಿದನೆಂದು ಸೋದರಮಾವನೂ ಗುರುವೂ ಆದ ಹರಿಹರನು ರಾಘವಾಂಕನ ಮೇಲೆ ಮುನಿದನೆಂದು ಐತಿಹ್ಯ. ಆ ಕವಿಯು ನಮ್ಮ ಸೀಮೆಯ ಬೇಲೂರಿನಲ್ಲಿಯೇ ಐಕ್ಯನಾದನೆಂದು ಪ್ರತೀತಿ. ಗುರುವಿನ ಮುನಿಸನ್ನು ದಾಟಿಯೂ ಕಾವ್ಯವು ಉಳಿಯಿತು. ಏಕೆಂದರೆ ಸತ್ಯವನ್ನು ಹೊಗಳಿದುದು ನರಸ್ತುತಿಯಾಗದು.

ಎಳೆಯರೇ, ಬಾಯಿಪಾಠವಾದ ಮಾತ್ರಕ್ಕೆ ಗ್ರಂಥವು ನಮ್ಮದಾಗದು. ಯಾವುದರ ಮುಂದೆ ಸುಳ್ಳಾಡಲು ನಾಲಗೆ ಏಳದೋ ಅದನ್ನೇ ನಿಮ್ಮ ಗ್ರಂಥವೆಂದು ತಿಳಿಯಿರಿ. ಇಷ್ಟನ್ನು ಬಿನ್ನವಿಸಿ ವಿರಮಿಸುವೆನು.