ವರದಿಗಾರನ ಕೈಯಿಂದ ಜಾಹೀರಾತು ಬಿಡಿಸಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ವರದಿಗಾರ ಮಿತ್ರರು ಬಂದಿದ್ದೀರಿ. ಹಾರೋಹಳ್ಳಿಯವರು ಮುನಿಸಿಕೊಳ್ಳಬೇಡಿ, ನೀವೂ ಈಗ ಪ್ರತ್ಯೇಕ ತಾಲ್ಲೂಕಿನವರೇ. ನನಗಿಂತ ಮೊದಲು ನಮ್ಮ ಸಂಘದ ಈ ಕುರ್ಚಿಯಲ್ಲಿ ಕೂತ ಹಿರಿಯರು ನಿವೇಶನಕ್ಕೆ, ಬಸ್ ಪಾಸಿಗೆ ಓಡಾಡಿದ್ದಾರೆ.

ನನಗೆ ಕೊಟ್ಟಿರುವ ವಿಷಯ, ಪ್ರಶಸ್ತಿ ಪಡೆದ ತನಿಖಾ ಪತ್ರಕರ್ತರ ವೃತ್ತಿಬದುಕು. ಪಿ. ಸಾಯಿನಾಥ್ 1993ರಲ್ಲಿ ಫೆಲೋಶಿಪ್ ಪಡೆದು ದೇಶದ ಕಡುಬಡ ಜಿಲ್ಲೆಗಳನ್ನು ಸುತ್ತಿದರು. ಆ ವರದಿಗಳು 1996ರಲ್ಲಿ ಪುಸ್ತಕವಾದವು, ಜಿ.ಎನ್. ಮೋಹನ್ ಅವರಿಂದ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೂ ಬಂದವು. 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಎಲ್ಲರೂ ಅವರ ಬರವಣಿಗೆ ಹೊಗಳುತ್ತಾರೆ, ನನಗೆ ಮಾತ್ರ ಸುತ್ತಾಡಲು ಬಿಡುವೂ ಕಾಸೂ ಕೊಟ್ಟ ಆ ಫೆಲೋಶಿಪ್ ಮೇಲೆಯೇ ಕಣ್ಣು. ಇನ್ನು ಪಿ. ಲಂಕೇಶ್. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರು ಮಾಡಿ, ಜಾಹೀರಾತನ್ನೇ ಮುಟ್ಟದೆ, ಓದುಗರು ಕೊಟ್ಟ ಕಾಸಿನಲ್ಲೇ ನಡೆಸಿದರು. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರವನ್ನು ವಾರ ವಾರ ಜಾಲಾಡಲು ಆಗಿದ್ದು ಅದರಿಂದಲೇ ಎಂದು ನಾನು ತಿಳಿದಿದ್ದೇನೆ.

ಈಗ ನಮ್ಮ ಪಾಡು ನೋಡಿ. ತಾಲ್ಲೂಕು ವರದಿಗಾರನ ಬೈಕಿನ ಚೀಲದಲ್ಲಿ ಒಂದು ಕಡೆ ಮಾಹಿತಿ ಹಕ್ಕಿನ ಅರ್ಜಿ, ಇನ್ನೊಂದು ಕಡೆ ಸ್ವಾತಂತ್ರ್ಯೋತ್ಸವ ಪುರವಣಿಯ ಜಾಹೀರಾತು ಫಾರಂ. ಬೆಳಿಗ್ಗೆ ಕ್ವಾರಿಯ ಲೆಕ್ಕ ಕೇಳಿ ಅರ್ಜಿ ಹಾಕಿದವನೇ ಸಂಜೆ ಅದೇ ಕ್ವಾರಿ ಮಾಲೀಕನ ಮನೆ ಬಾಗಿಲಲ್ಲಿ ನಿಲ್ಲಬೇಕು. ಜಾಹೀರಾತಿನಲ್ಲಿ ಮೇಲೆ ನಾಯಕರ ಫೋಟೊ, ಕೆಳಗೆ ‘ಶುಭ ಕೋರುವವರು’ ಎಂದು ಮಾಲೀಕನ ಫೋಟೊ. ಮಾಲೀಕ ನಗುತ್ತಾ ಅರ್ಧ ಪುಟ ಕೊಡುತ್ತಾನೆ. ಅರ್ಜಿಯ ವಿಚಾರ ಅವನೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಬಿಲ್ ವಸೂಲಾಗದಿದ್ದರೆ ಬಾಕಿ ವರದಿಗಾರನ ತಲೆಗೆ. ಟಾರ್ಗೆಟ್ ಮುಟ್ಟದಿದ್ದರೆ ಮುಂದಿನ ತಿಂಗಳು ಅವನ ಜಾಗಕ್ಕೆ ಮತ್ತೊಬ್ಬ.

ಒಂದು ಕಾಲಕ್ಕೆ ನಾನು ಬರೆದ ಕಲ್ಲು ಗಣಿ ಸರಣಿಯ ಎರಡನೇ ಕಂತು ಅಚ್ಚಾಗಲಿಲ್ಲ. ಅದರ ಜಾಗದಲ್ಲಿ ಇಡೀ ಪುಟ ಬಣ್ಣದ ಜಾಹೀರಾತು ಬಂತು. ಪತ್ರಿಕೆಯ ಹೆಸರು ಬೇಡ. ಅದರ ಕಮಿಷನ್ ನನ್ನ ಖಾತೆಗೇ ಬಂದದ್ದು ಮಾತ್ರ ಇನ್ನೂ ಚುಚ್ಚುತ್ತದೆ.

ಬೈರಮಂಗಲ ಕೆರೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ವೃಷಭಾವತಿ ಹೊತ್ತು ತಂದು ಬಿಡದಿ ಪಕ್ಕ ಸುರಿಯುತ್ತದೆ. ಕೆರೆ ನೊರೆ ಉಗುಳುತ್ತದೆ, ಅದೇ ನೀರು ಮುಂದೆ ಅರ್ಕಾವತಿ ಸೇರುತ್ತದೆ. ನೊರೆಯ ಫೋಟೊ ನಾವೆಲ್ಲರೂ ಹಾಕಿದ್ದೇವೆ. ಯಾವ ಕಾರ್ಖಾನೆಯ ಪೈಪು, ಯಾರ ಅನುಮತಿ, ಯಾವ ದಿನಾಂಕದ ಪರೀಕ್ಷಾ ವರದಿ ಎಂದು ಬೆನ್ನು ಹತ್ತಿ ಹೋದವರು ಎಷ್ಟು ಜನ? ಹೋಗಲು ವಾರಗಟ್ಟಲೆ ಬಿಡುವು ಬೇಕು, ಪೆಟ್ರೋಲಿಗೆ ಕಾಸು ಬೇಕು, ಆ ಕಾರ್ಖಾನೆಯ ಜಾಹೀರಾತು ನಮ್ಮ ಟಾರ್ಗೆಟ್‌ನಲ್ಲಿ ಇರಬಾರದು.

ವರದಿಗಾರನಿಗೆ ಜಾಹೀರಾತು ಟಾರ್ಗೆಟ್ ಬೇಡ ಎಂದು ಹಿಂದೆಯೂ ಹೇಳಿದ್ದೆ. ‘ಇದ್ದ ಕಮಿಷನ್ನಿಗೂ ಕಲ್ಲು ಹಾಕಬೇಡಿ’ ಎಂದು ನಮ್ಮವರೇ ಮೈಕು ಕಿತ್ತುಕೊಂಡರು. ಕೆಲವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಗೌರವಧನ ಇಷ್ಟು ಕಡಿಮೆ ಇದ್ದಾಗ ಕಮಿಷನ್ ಬಿಡಿ ಎನ್ನುವುದೂ ಸುಲಭವಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಅರೆಕಾಲಿಕನನ್ನೂ ಪತ್ರಕರ್ತನೆಂದೇ ಒಪ್ಪಿತ್ತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮಗೆ ನೇಮಕಾತಿ ಪತ್ರವೇ ಇಲ್ಲದ ಮೇಲೆ ಯಾವ ವೇತನ, ಯಾವ ಮಂಡಳಿ? 2025ರಲ್ಲಿ ಸರ್ಕಾರ ನಮ್ಮ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಿತು. ನಮ್ಮ ಗುರುತಿನ ಚೀಟಿಯಲ್ಲಿ ಬದಲಾಗುವುದೂ ಆ ಹೆಸರಷ್ಟೇ.

ಇನ್ನು ಕೇಸುಗಳು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿ ನ್ಯಾಯಾಲಯ ಮಾನನಷ್ಟ ಪ್ರಕರಣದಲ್ಲಿ ಗೌರಿ ಲಂಕೇಶ್ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿ, ಅವತ್ತೇ ಜಾಮೀನು ಕೊಟ್ಟಿತು. ಅವರು ಸಂಪಾದಕಿ, ಹೆಸರಿದ್ದವರು. ಸಮನ್ಸ್ ನಮ್ಮ ಮಾಗಡಿ ವರದಿಗಾರನ ಮನೆಗೆ ಬಂದರೆ ವಕೀಲರ ಫೀಸು ಕೊಡುವವರು ಯಾರು?

ನನ್ನ ಬೇಡಿಕೆ ಇಷ್ಟು. ಸುದ್ದಿ ಬರೆಯುವವನಿಗೆ ಜಾಹೀರಾತು ಟಾರ್ಗೆಟ್ ಬೇಡ. ಜಾಹೀರಾತಿಗೆ ಪ್ರತಿ ತಾಲ್ಲೂಕಿಗೂ ಬೇರೆ ಏಜೆಂಟ್ ಇರಲಿ. ಪತ್ರಿಕೆಗಳು ನಮಗೆ ನೇಮಕಾತಿ ಪತ್ರ ಕೊಡಲಿ. ನಮ್ಮ ವಂತಿಗೆಯಿಂದಲೇ ಪ್ರತಿ ತಾಲ್ಲೂಕು ನ್ಯಾಯಾಲಯದಲ್ಲಿ ಒಬ್ಬ ವಕೀಲರನ್ನು ಗೊತ್ತು ಮಾಡೋಣ, ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಅರ್ಜಿಗೆ ಕಾಯದೆ ಇಲಾಖೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು. ಕ್ವಾರಿ ಪರವಾನಗಿಗಳ ಪಟ್ಟಿಯನ್ನು ತಾಲ್ಲೂಕು ಕಚೇರಿಯ ಫಲಕಕ್ಕೆ ಹಾಕಿಸೋಣ. ವರ್ಷಕ್ಕೊಬ್ಬ ತಾಲ್ಲೂಕು ವರದಿಗಾರನಿಗೆ ಆರು ತಿಂಗಳ ಫೆಲೋಶಿಪ್ ಕೊಡುವ ದಾನಿಯೂ ಸಿಗಲಿ. ಇದು ಆಸೆ, ಒಪ್ಪಿಕೊಳ್ಳುತ್ತೇನೆ.

ಟಾರ್ಗೆಟ್ ರದ್ದತಿಯ ನಿರ್ಣಯವನ್ನು ಇವತ್ತೇ ಮತಕ್ಕೆ ಹಾಕುತ್ತೇನೆ. ಬೇಡ ಎನ್ನುವವರು ದಯವಿಟ್ಟು ಈ ಸಲ ಮೈಕು ಕಿತ್ತುಕೊಳ್ಳದೆ, ಎದ್ದು ನಿಂತು ಹೆಸರು ಹೇಳಿ ವಿರೋಧಿಸಿ. ನಡಾವಳಿ ಪುಸ್ತಕದಲ್ಲಿ ಬರೆಸುತ್ತೇನೆ.