ಆಟಕ್ಕೆ ಬೀಗಮುದ್ರೆ

(ಗಿರಣಿ ಕಾರ್ಮಿಕರು ಮತ್ತು ಪೇಟೆಯ ಸಣ್ಣ ವ್ಯಾಪಾರಿಗಳು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತನ್ನು ಬದಿಗಿಟ್ಟು ಈ ಸಂಜೆ ಟಿ.ವಿ.ಯಲ್ಲಿ ಬರುವ ಆಟದ ಮಾತನ್ನು ಏಕೆ ಎತ್ತಿಕೊಂಡೆನೆಂದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆಟವೆಂಬುದು ಹೊಟ್ಟೆ ತುಂಬಿದವರ ವಿಷಯವೆಂದು ನಮ್ಮ ಚಳವಳಿಯ ಹಿರಿಯರಲ್ಲೇ ಕೆಲವರು ಹೇಳುವುದುಂಟು. ನಾನು ಹಾಗೆ ಎಣಿಸುವುದಿಲ್ಲ. ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವನು, ಕತ್ತಲಾದ ಮೇಲೆ ಅಂಗಡಿಯ ಬಾಗಿಲು ಹಾಕಿ ಬಂದವನು, ಮನೆಯಲ್ಲಿ ಒಂದು ಗಳಿಗೆ ಕುಳಿತು ಆಟ ನೋಡಿ ಸಂತೋಷಪಡುತ್ತಾನೆ. ಆ ಒಂದು ಗಳಿಗೆಯ ಸಂತೋಷಕ್ಕೆ ಯಾರು ಬೆಲೆ ಕಟ್ಟುತ್ತಾರೆ, ಅದನ್ನು ಯಾರ ಜೇಬಿನಿಂದ ತೆಗೆಯುತ್ತಾರೆ, ಬೆಲೆ ಕುದುರದಿದ್ದಾಗ ಯಾರ ಮನೆಯ ಪರದೆ ಕಪ್ಪಾಗುತ್ತದೆ ಎಂಬುದೂ ಕೂಲಿಯಷ್ಟೇ ನಮ್ಮ ಪ್ರಶ್ನೆ.

ಬೇಡಿಕೆ ಒಪ್ಪಿಸಲಿಕ್ಕೆ ಮಾಲೀಕನು ಗಿರಣಿಗೆ ಬೀಗಮುದ್ರೆ ಹಾಕುತ್ತಾನೆ. ಅದರಲ್ಲಿ ಹಸಿಯುವವನು ಮಾಲೀಕನಲ್ಲ. ಆಟದ ಮಾಲೀಕರೂ ಕೇಬಲ್ಲಿನ ಮಾಲೀಕರೂ ತಮ್ಮ ತಮ್ಮ ಜಗಳದಲ್ಲಿ ಹಾಕಿಕೊಳ್ಳುವ ಇಂಥದೇ ಒಂದು ಬೀಗಮುದ್ರೆಯಿದೆ. ಅದು ಬಲಿತು ಬೆಳೆದದ್ದು ಅಮೆರಿಕದಲ್ಲಿ. ಆದ್ದರಿಂದ ಮೊದಲು ಅಲ್ಲಿಯ ಎರಡು ಸಂಗತಿಗಳನ್ನು ಹೇಳಿ, ಆಮೇಲೆ ನಮ್ಮ ಬೀದಿಗೆ ಬರುತ್ತೇನೆ.

ಜಗಳದ ಮೂಲವನ್ನು ವ್ಯಾಪಾರಿಗಳು ಬೇಗ ತಿಳಿಯಬಲ್ಲರು. ಒಬ್ಬ ಸಗಟು ವ್ಯಾಪಾರಿ ಕಿರಾಣಿ ಅಂಗಡಿಯವನಿಗೆ ಹೀಗೆ ಹೇಳಿದನೆಂದು ತಿಳಿಯಿರಿ: "ನನ್ನಲ್ಲಿ ಒಳ್ಳೆಯ ಅಡಕೆಯಿದೆ. ನಿನ್ನ ಅಂಗಡಿಗೆ ಬರುವ ಪ್ರತಿಯೊಬ್ಬ ಗಿರಾಕಿಯ ಚೀಲಕ್ಕೂ ಅದನ್ನು ಹಾಕು, ಹಣವನ್ನು ಅವನ ಲೆಕ್ಕಕ್ಕೆ ಸೇರಿಸು. ಅವನು ಅಡಕೆ ತಿನ್ನುವವನೋ ಅಲ್ಲವೋ ನನಗೆ ಬೇಡ." ಕ್ರೀಡಾ ಚಾನೆಲ್ಲಿನ ವ್ಯಾಪಾರ ಹೀಗೆಯೇ. ಕೇಬಲ್ ಕಂಪನಿಯು ಮನೆಯೊಂದಕ್ಕೆ ತಿಂಗಳಿಗೆ ಇಷ್ಟೆಂದು ಚಾನೆಲ್ಲಿನ ಒಡೆಯನಿಗೆ ಕೊಡಬೇಕು. ಎಲ್ಲರೂ ಕೊಳ್ಳುವ ಸಾಮಾನ್ಯ ಕಂತೆಯಲ್ಲಿ ಚಾನೆಲ್ಲನ್ನು ಇಟ್ಟರೆ, ನೋಡುವವನೂ ನೋಡದವನೂ ಹಣ ಕೊಡುತ್ತಾರೆ. ಬೇರೆಯ ಕ್ರೀಡಾ ಕಂತೆಯಲ್ಲಿಟ್ಟರೆ, ಬೇಕಾದವನು ಮಾತ್ರ ಕೊಡುತ್ತಾನೆ. ಆಟದ ಒಡೆಯರಿಗೆ ಯಾವಾಗಲೂ ಮೊದಲನೆಯದೇ ಬೇಕು. ಕೇಬಲ್ಲಿನವರು ಎರಡನೆಯದನ್ನು ಹಿಡಿಯುತ್ತಾರೆ, ಇಲ್ಲವೇ ಬೆಲೆ ಇಳಿಸೆನ್ನುತ್ತಾರೆ.

ಈಗ ಮೊದಲನೆಯ ಸಂಗತಿ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಿಂದ ಒದೆಯುವ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ಭೇದಿಸಿಕೊಂಡು ಓಡುವ ಆಟ. ಅದನ್ನು ನಡೆಸುವ ಎನ್.ಎಫ್.ಎಲ್. ಎಂಬ ಲೀಗು ೩೨ ತಂಡಗಳ ಒಡೆಯರ ಕೂಟ. ಪ್ರತಿಸ್ಪರ್ಧಿಗಳಾದ ವ್ಯಾಪಾರಿಗಳು ಒಂದಾಗಿ ಬೆಲೆ ಕಟ್ಟಬಾರದೆಂದು ಅಮೆರಿಕದ ಕಾನೂನು ಹೇಳುತ್ತದೆ. ಆದರೆ ೧೯೬೧ರಲ್ಲಿ ಅಲ್ಲಿಯ ಶಾಸನಸಭೆ ಆಟದ ಲೀಗುಗಳಿಗೆ ವಿಶೇಷ ವಿನಾಯಿತಿ ಕೊಟ್ಟು, ಎಲ್ಲ ತಂಡಗಳ ಪ್ರಸಾರದ ಹಕ್ಕನ್ನು ಒಟ್ಟಾಗಿ ಮಾರಬಹುದೆಂದು ಕಾಯಿದೆ ಮಾಡಿತು. ಅಧ್ಯಕ್ಷ ಕೆನಡಿಯವರು ಅದಕ್ಕೆ ಸಹಿ ಹಾಕಿದರು. ಈ ಒಡೆಯರ ಬಲ ಬರಿಯ ವ್ಯಾಪಾರದ ಜಾಣ್ಮೆಯಿಂದ ಬಂದದ್ದಲ್ಲ, ಜನರ ಸರ್ಕಾರವೇ ಕೊಟ್ಟ ವರವೂ ಅದರಲ್ಲಿ ಸೇರಿದೆ ಎಂಬುದನ್ನು ನೆನಪಿಡಿ.

೨೦೦೩ರಲ್ಲಿ ಲೀಗು ತನ್ನದೇ ಚಾನೆಲ್ ತೆರೆಯಿತು. ೨೦೦೬ರಲ್ಲಿ ಎಂಟು ಆಟಗಳನ್ನು ಆ ಚಾನೆಲ್ಲಿಗೇ ಮೀಸಲಿಟ್ಟು, ಮನೆಗೆ ತಿಂಗಳಿಗೆ ಸುಮಾರು ೭೦ ಸೆಂಟು ಕೇಳಿತು. ಒಂದು ಡಾಲರಿಗೆ ೧೦೦ ಸೆಂಟು. ಅಲ್ಪ ಮೊತ್ತವೆಂದು ತೋರಬಹುದು. ಆದರೆ ಅಲ್ಲಿಯ ಅತಿ ದೊಡ್ಡ ಕೇಬಲ್ ಕಂಪನಿಯಾದ ಕಾಮ್‌ಕ್ಯಾಸ್ಟಿಗೆ ಆಗ ಸುಮಾರು ೨ ಕೋಟಿ ೪೦ ಲಕ್ಷ ಗಿರಾಕಿಗಳಿದ್ದರು. ಎಲ್ಲರ ತಲೆಗೂ ಹಾಕಿದರೆ ವರ್ಷಕ್ಕೆ ೨೦ ಕೋಟಿ ಡಾಲರು. ಕಾಮ್‌ಕ್ಯಾಸ್ಟ್ ಒಪ್ಪದೆ, ೨೦೦೭ರಲ್ಲಿ ಆ ಚಾನೆಲ್ಲನ್ನು ಹೆಚ್ಚಿಗೆ ಹಣ ಕೊಡುವವರ ಕ್ರೀಡಾ ಕಂತೆಗೆ ತಳ್ಳಿತು. "ನೋಡದವರ ಮೇಲೆ ಹೊರೆ ಏಕೆ?" ಎಂಬುದು ಅದರ ವಾದ. ಕೇಳಲಿಕ್ಕೆ ಎಷ್ಟು ಸೊಗಸಾದ ಮಾತು! ಆದರೆ ಇದೇ ಕಾಮ್‌ಕ್ಯಾಸ್ಟಿಗೆ ಸ್ವಂತದ ಎರಡು ಕ್ರೀಡಾ ಚಾನೆಲ್ಲುಗಳಿದ್ದವು, ವರ್ಸಸ್ ಒಂದು, ಗಾಲ್ಫ್ ಚಾನೆಲ್ ಇನ್ನೊಂದು. ಅವು ಮಾತ್ರ ಎಲ್ಲರೂ ಹಣ ಕೊಡುವ ಸಾಮಾನ್ಯ ಕಂತೆಯಲ್ಲೇ ಇದ್ದವು. ಪರರ ಅಡಕೆ ಹೊರೆ, ತನ್ನ ಅಡಕೆ ಪ್ರಸಾದ! ಲೀಗು ಇದನ್ನೇ ಹಿಡಿದು ೨೦೦೮ರಲ್ಲಿ ಸರ್ಕಾರದ ಸಂಪರ್ಕ ಆಯೋಗಕ್ಕೆ ದೂರು ಕೊಟ್ಟಿತು.

ಈ ನಡುವೆ, ೨೦೦೭ರ ಡಿಸೆಂಬರ್ ೨೯ರಂದು ಒಂದು ಆಟ ಬಂತು. ನ್ಯೂ ಇಂಗ್ಲೆಂಡ್ ತಂಡವು ಒಂದೂ ಸೋಲಿಲ್ಲದೆ ೧೫ ಆಟ ಗೆದ್ದು, ನ್ಯೂಯಾರ್ಕಿನ ಜೈಂಟ್ಸ್ ತಂಡದ ಮೇಲೆ ಹದಿನಾರನೆಯದಕ್ಕೆ ಇಳಿಯುವುದಿತ್ತು. ಆ ಎರಡು ತಂಡಗಳ ಊರುಗಳಲ್ಲಿ ಬಿಟ್ಟರೆ, ಅದು ಲೀಗಿನ ಚಾನೆಲ್ ಇಲ್ಲದ ಕೋಟಿಗಟ್ಟಲೆ ಮನೆಗಳಿಗೆ ಕಾಣುವಂತಿರಲಿಲ್ಲ. ಜನ ಗದ್ದಲವೆಬ್ಬಿಸಿದರು. ಕೆರ್ರಿ, ಲೇಹಿ, ಸ್ಪೆಕ್ಟರ್ ಮೊದಲಾದ ಸೆನೆಟರುಗಳು ಲೀಗಿನ ಮೇಲೆ ಒತ್ತಡ ತಂದರು. ೧೯೬೧ರ ವಿನಾಯಿತಿಯನ್ನೇ ಮತ್ತೆ ಪರಿಶೀಲಿಸಬೇಕಾದೀತೆಂಬ ಮಾತೂ ಬಂತು. ಕರಾರು, ಹಕ್ಕು, ನಿಯಮ ಎಂದು ವರ್ಷವಿಡೀ ಕಾರಣ ಹೇಳುತ್ತಿದ್ದ ಲೀಗು, ಆಟಕ್ಕೆ ಮೂರು ದಿನ ಮುಂಚೆ ಅದನ್ನು ಸಿ.ಬಿ.ಎಸ್. ಮತ್ತು ಎನ್.ಬಿ.ಸಿ.ಗಳಲ್ಲಿ ಎಲ್ಲರಿಗೂ ತೋರಿಸಲು ಒಪ್ಪಿತು. ಮೂರೂವರೆ ಕೋಟಿಯ ಸಮೀಪ ಜನ ನೋಡಿದರು.

ಅಸಾಧ್ಯವೆಂದದ್ದು ಹೇಗೆ ಸಾಧ್ಯವಾಯಿತು? ಕೊಟ್ಟ ವರವನ್ನು ಹಿಂದಕ್ಕೆ ಪಡೆಯುವ ಶಕ್ತಿ ಸಾರ್ವಜನಿಕರಿಗಿದೆ ಎಂಬುದು ಒಡೆಯರ ಕಣ್ಣಿಗೆ ಕಂಡಿತು, ಅಷ್ಟೆ. ಆದರೆ ಆ ಶಕ್ತಿ ಒಂದು ರಾತ್ರಿಯ ಮಟ್ಟಿಗೆ ಮಾತ್ರ ಎಚ್ಚೆತ್ತಿತು. ಆದ್ದರಿಂದ ಕಾಮ್‌ಕ್ಯಾಸ್ಟಿನೊಂದಿಗಿನ ರಾಜಿಗೆ ೨೦೦೯ರ ಮೇ ತಿಂಗಳು ಬರಬೇಕಾಯಿತು. ಟೈಮ್ ವಾರ್ನರ್ ಎಂಬ ಮತ್ತೊಂದು ದೊಡ್ಡ ಕಂಪನಿಯೊಂದಿಗಿನ ರಾಜಿಗೆ ೨೦೧೨ನೆಯ ಇಸವಿ ಬರಬೇಕಾಯಿತು.

ಎರಡನೆಯ ಸಂಗತಿ ಲಾಸ್ ಏಂಜಲೀಸ್ ನಗರದ್ದು. ಆ ನಗರದ ಒಂದು ಗುಡ್ಡಗಾಡಿನಲ್ಲಿ, ಚಾವೆಜ್ ರವೀನ್ ಎಂಬಲ್ಲಿ, ಮೆಕ್ಸಿಕೋ ಮೂಲದ ನೂರಾರು ಬಡ ಕುಟುಂಬಗಳು ವಾಸಿಸುತ್ತಿದ್ದವು. ಬಡವರಿಗೆ ಸರ್ಕಾರಿ ಮನೆ ಕಟ್ಟಿಸುತ್ತೇವೆಂದು ೧೯೫೦ರಲ್ಲಿ ಅವರಿಗೆ ಜಾಗ ಬಿಡುವಂತೆ ನೋಟೀಸು ಕೊಟ್ಟರು. ಬಹುಪಾಲು ಜನ ಹೋದ ಮೇಲೆ, ಬಡವರಿಗೆ ಮನೆ ಕಟ್ಟುವುದು ಸಮಾಜವಾದವೆಂದು ಕೂಗೆಬ್ಬಿಸಿ, ಆ ಯೋಜನೆಯನ್ನೇ ಕೊಂದರು. ಅದೇ ನೆಲ ಬ್ರೂಕ್ಲಿನ್ನಿನಿಂದ ವಲಸೆ ಬಂದ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದ ಒಡೆಯನ ಕೈಸೇರಿತು. ಉಳಿದಿದ್ದ ಕೆಲವು ಕುಟುಂಬಗಳನ್ನು ೧೯೫೯ರಲ್ಲಿ ಬಲವಂತದಿಂದ ಹೊರಹಾಕಿದರು. ೧೯೬೨ರಲ್ಲಿ ಅಲ್ಲಿ ಕ್ರೀಡಾಂಗಣ ತೆರೆಯಿತು.

ಅಂದರೆ ಆ ಆಟದ ಬುಡದಲ್ಲಿರುವ ನೆಲ ಜನರದು. ಆಮೇಲೆ ಅರ್ಧ ಶತಮಾನ ಟಿಕೀಟು ಕೊಂಡು, ಕೂಗಿ, ಹರಸಿ ತಂಡವನ್ನು ಬೆಳೆಸಿದವರೂ ಆ ನಗರದ ಜನರೇ. ೨೦೧೩ರಲ್ಲಿ ತಂಡದ ಹೊಸ ಒಡೆಯರು ಟೈಮ್ ವಾರ್ನರ್ ಕೇಬಲ್ ಕಂಪನಿಯೊಂದಿಗೆ ೨೫ ವರ್ಷಗಳ ಕರಾರು ಮಾಡಿಕೊಂಡರು. ಪತ್ರಿಕೆಗಳು ವರದಿ ಮಾಡಿದ ಮೊತ್ತ ೮೩೫ ಕೋಟಿ ಡಾಲರು. ಇಷ್ಟು ಹಣ ಒಪ್ಪಿಕೊಂಡ ಕಂಪನಿ ಅದನ್ನು ಎಲ್ಲಿಂದ ತಂದೀತು? ೨೦೧೪ರಲ್ಲಿ ಹೊಸ ಚಾನೆಲ್ ತೆರೆದು, ಡೈರೆಕ್‌ಟೀವಿ ಮೊದಲಾದ ಉಳಿದ ಕಂಪನಿಗಳಿಂದ ಮನೆಗೆ ತಿಂಗಳಿಗೆ ೫ ಡಾಲರಿನ ಸಮೀಪ ಕೇಳಿತು. ಅವರು ಕೊಳ್ಳಲಿಲ್ಲ. ನಗರದ ಬಹುಪಾಲು ಮನೆಗಳಲ್ಲಿ ತಮ್ಮದೇ ಊರಿನ ತಂಡದ ಆಟ ಕಾಣದಾಯಿತು.

ಈ ಕತ್ತಲೆ ಆರು ವರ್ಷ ನಡೆಯಿತು, ಸಂಗಾತಿಗಳೇ! ವಿನ್ ಸ್ಕಲಿ ಎಂಬ ವೃದ್ಧ ವೀಕ್ಷಕ ವಿವರಣೆಗಾರರು ೧೯೫೦ರಿಂದ ೬೭ ಋತುಗಳ ಕಾಲ ಆ ತಂಡದ ಆಟವನ್ನು ಜನರಿಗೆ ಬಣ್ಣಿಸಿದವರು. ೨೦೧೬ರಲ್ಲಿ ಅವರು ನಿವೃತ್ತರಾದರು. ಅವರ ದನಿ ಕೇಳುತ್ತ ಮುದುಕರಾದ ಎಷ್ಟೋ ಜನಕ್ಕೆ ಅವರ ಕಡೆಯ ಮೂರು ಋತುಗಳ ಬಹುಪಾಲು ಆಟ ಟಿ.ವಿ.ಯಲ್ಲಿ ಸಿಗಲಿಲ್ಲ. ಕಟ್ಟಕಡೆಯ ಕೆಲವು ಆಟಗಳನ್ನು ಮಾತ್ರ, ಧರ್ಮಕ್ಕೆ ಕೊಟ್ಟಂತೆ, ಉಚಿತ ಚಾನೆಲ್ಲಿನಲ್ಲಿ ತೋರಿಸಿದರು.

ಕೊಳ್ಳದಿದ್ದ ಕಂಪನಿಗಳು ಗಿರಾಕಿಗಳ ಹಿತಕ್ಕಾಗಿ ಹಟ ಹಿಡಿದವೆಂದು ಭಾವಿಸಬೇಡಿ. ೨೦೧೬ರ ನವೆಂಬರಿನಲ್ಲಿ ಅಮೆರಿಕ ಸರ್ಕಾರದ ನ್ಯಾಯ ಇಲಾಖೆಯೇ ಡೈರೆಕ್‌ಟೀವಿಯ ಮೇಲೆ ಮೊಕದ್ದಮೆ ಹೂಡಿತು. ಅದು ಎದುರಾಳಿ ಕಂಪನಿಗಳೊಂದಿಗೆ ಗುಟ್ಟಾಗಿ ಮಾತಾಡಿ, ಯಾರೂ ಮೊದಲು ಕೊಳ್ಳದಂತೆ ಪರಸ್ಪರ ಸುದ್ದಿ ಹಂಚಿಕೊಂಡಿತೆಂಬುದು ಆರೋಪ. ೨೦೧೭ರ ಮಾರ್ಚಿನಲ್ಲಿ, ಇನ್ನು ಮುಂದೆ ಹಾಗೆ ಸುದ್ದಿ ಹಂಚುವುದಿಲ್ಲವೆಂಬ ಒಪ್ಪಂದದ ಮೇಲೆ ಮೊಕದ್ದಮೆ ಮುಗಿಯಿತು. ಆದರೂ ಪರದೆ ತೆರೆಯಲಿಲ್ಲ. ೨೦೨೦ರ ಏಪ್ರಿಲಿನಲ್ಲಿ ಕೊನೆಗೂ ರಾಜಿಯಾಯಿತು. ಆಗ ಕೊರೋನಾದಿಂದ ಆಟವೇ ನಿಂತಿತ್ತು!

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ನಮ್ಮಲ್ಲಿ ಗಾದೆಯಿದೆ. ಇಲ್ಲಿ ಬಡವಾದ ಕೂಸು ಎರಡು ಬಗೆಯದು. ಚಾನೆಲ್ ಇದ್ದ ಕಂಪನಿಯ ಗಿರಾಕಿ, ಆಟ ನೋಡದಿದ್ದರೂ ಅದರ ಭಾರ ಹೊತ್ತನು. ಬೇರೆ ಕಂಪನಿಯ ಗಿರಾಕಿ, ಹಣ ಕೊಡಲು ಸಿದ್ಧನಿದ್ದರೂ ಆಟ ಕಾಣಲಿಲ್ಲ. ಬೇಡದವನಿಗೆ ಬಲವಂತ, ಬೇಕಾದವನಿಗೆ ಬಾಗಿಲು ಬಂದ್. ಇದನ್ನು ಪೇಟೆಯ ಸ್ವಾತಂತ್ರ್ಯವೆಂದು ಕರೆಯುತ್ತಾರೆ!

ಇದು ಅಮೆರಿಕದ ಕಥೆ, ನಮಗೇನೆನ್ನುವಿರೋ? ೨೦೨೩ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ಟಿ.ವಿ. ವ್ಯವಹಾರವನ್ನು ನಿಯಂತ್ರಿಸುವ ಟ್ರಾಯ್ ಸಂಸ್ಥೆ ೨೦೨೨ರ ನವೆಂಬರಿನಲ್ಲಿ, ೧೯ ರೂಪಾಯಿಯವರೆಗಿನ ಚಾನೆಲ್ಲುಗಳನ್ನೂ ಕಂತೆಯಲ್ಲಿ ಸೇರಿಸಬಹುದೆಂದಿತು. ಚಾನೆಲ್ ಒಡೆಯರು ಹೊಸ ದರಗಳನ್ನು ಸಾರಿದರು. ದೊಡ್ಡ ಕೇಬಲ್ ಕಂಪನಿಗಳ ಒಕ್ಕೂಟ ಸಹಿ ಹಾಕಲೊಪ್ಪಲಿಲ್ಲ. ಫೆಬ್ರವರಿ ೧೮ರಂದು ಡಿಸ್ನಿ ಸ್ಟಾರ್, ಸೋನಿ, ಜೀ ಸಂಸ್ಥೆಗಳು ಸಹಿ ಹಾಕದವರಿಗೆ ತಮ್ಮ ಚಾನೆಲ್ಲುಗಳನ್ನು ನಿಲ್ಲಿಸಿಬಿಟ್ಟವು. ದೆಹಲಿಯಲ್ಲಿ ಭಾರತ ಮತ್ತು ಆಸ್ಟ್ರೇಲಿಯಗಳ ಟೆಸ್ಟ್ ನಡೆಯುತ್ತಿದ್ದ ಸಮಯವದು. ನಾಲ್ಕೂವರೆ ಕೋಟಿ ಮನೆಗಳಿಗೆ ಪೆಟ್ಟು ಬಿತ್ತೆಂದು ಕೇಬಲ್ಲಿನವರು ಹೇಳಿದರು. ವಾರದೊಳಗೆ ಅವರು ಸಹಿ ಹಾಕಿದರು, ಪರದೆಗಳು ಬೆಳಗಿದವು. ದರ ಹೆಚ್ಚಿತೇ ಇಳಿಯಿತೇ ಎಂದು ಆ ನಾಲ್ಕೂವರೆ ಕೋಟಿ ಮನೆಗಳಲ್ಲಿ ಒಂದನ್ನಾದರೂ ಯಾರಾದರೂ ಕೇಳಿದರೇ?

ಈ ಜಗಳದಲ್ಲಿ ಬೈಗುಳ ತಿಂದವನು ಯಾರು? ಚಾನೆಲ್ಲಿನ ಒಡೆಯನಲ್ಲ, ದೊಡ್ಡ ಕೇಬಲ್ ಕಂಪನಿಯೂ ಅಲ್ಲ. ಕಂಬ ಹತ್ತಿ ತಂತಿ ಎಳೆಯುವ, ತಿಂಗಳ ಮೊದಲ ವಾರ ಮನೆಮನೆಗೆ ಬಂದು ಹಣ ಕೇಳುವ ನಮ್ಮ ಬೀದಿಯ ಕೇಬಲ್ಲಿನವನು. ಅವನೂ ನಿಮ್ಮಂತೆಯೇ ಸಣ್ಣ ವ್ಯಾಪಾರಿ. ದರ ಕಟ್ಟುವ ಮೇಜಿನ ಬಳಿ ಅವನಿಗೂ ಕುರ್ಚಿಯಿಲ್ಲ.

೨೦೨೨ರ ಜೂನಿನಲ್ಲಿ ಐ.ಪಿ.ಎಲ್. ಪ್ರಸಾರದ ಐದು ವರ್ಷದ ಹಕ್ಕು ೪೮,೩೯೦ ಕೋಟಿ ರೂಪಾಯಿಗೆ ಮಾರಾಟವಾಯಿತು. ಕೊಂಡವರು ಅದನ್ನು ದಾನ ಮಾಡಲಿಲ್ಲ. ಜಾಹೀರಾತಿನ ಮೂಲಕ ಸೋಪು, ತಂಪು ಪಾನೀಯಗಳ ಬೆಲೆಯೊಳಗೆ ಸೇರಿಸಿ ಒಂದಿಷ್ಟು, ಟಿ.ವಿ. ಮತ್ತು ಫೋನಿನ ಚಂದಾದ ಮೂಲಕ ಮತ್ತೊಂದಿಷ್ಟು, ನಮ್ಮಿಂದಲೇ ಪಡೆಯಬೇಕು.

ಹಾಗಾದರೆ ಆಟಗಾರನಿಗೆ ಹಣ ಬೇಡವೇ, ಆಟ ತೋರಿಸಲು ಖರ್ಚಿಲ್ಲವೇ ಎಂದು ಯಾರಾದರೂ ಕೇಳಿಯಾರು. ಖಂಡಿತ ಖರ್ಚಿದೆ. ಪುಕ್ಕಟೆ ಕೊಡಿ ಎಂದು ನಾನು ಹೇಳುತ್ತಿಲ್ಲ. ನ್ಯಾಯವಾದ ಬೆಲೆಯಿರಲಿ, ಅದನ್ನು ಕಟ್ಟುವಾಗ ಕೊಡುವವನ ದನಿಯೂ ಇರಲಿ ಎನ್ನುತ್ತೇನೆ. ಇದಕ್ಕೆ ಆಧಾರ ಕಾನೂನಿನಲ್ಲೇ ಇದೆ. ೧೯೯೩ರ ಹೀರೋ ಕಪ್ ಪಂದ್ಯಗಳ ಪ್ರಸಾರದ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ, ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದು ೧೯೯೫ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು ೨೦೦೭ರಲ್ಲಿ ಕಾಯಿದೆ ಬಂತು. ಆದರೆ ಖಾಸಗಿ ಒಡೆಯರಿಂದ ಹೀಗೆ ಪಡೆದ ಪ್ರಸಾರವನ್ನು ದೂರದರ್ಶನವು ತನ್ನ ಗೋಪುರಗಳಲ್ಲೂ ಉಚಿತ ಡಿಶ್‌ನಲ್ಲೂ ತೋರಿಸಬಹುದೇ ಹೊರತು ಕೇಬಲ್ಲಿನವರಿಗೆ ಕೊಡುವಂತಿಲ್ಲವೆಂದು ೨೦೧೭ರಲ್ಲಿ ಅದೇ ಕೋರ್ಟು ಹೇಳಿತು. ಕಾಯಿದೆಯ ಮಾತು ಹಾಗಿದ್ದುದರಿಂದ ಹಾಗೆ ಹೇಳಿತು. ಕಾಯಿದೆಯನ್ನು ಬರೆಯುವವರು ಯಾರು? ನಮ್ಮ ಓಟಿನಿಂದ ಆರಿಸಿ ಹೋದವರು.

ಆದ್ದರಿಂದ ಮೂರು ಬೇಡಿಕೆಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು: ದರದ ವಿವಾದ ನಡೆದಿರುವಾಗ ಯಾರೂ ಪ್ರಸಾರ ನಿಲ್ಲಿಸಬಾರದು. ಹಳೆಯ ದರದಲ್ಲೇ ನಡೆಯಲಿ. ಗೊತ್ತಾದ ಅವಧಿಯೊಳಗೆ ಪಂಚರು ತೀರ್ಪು ಕೊಡಲಿ, ವ್ಯತ್ಯಾಸವನ್ನು ಒಡೆಯರು ಆಮೇಲೆ ತಮ್ಮತಮ್ಮಲ್ಲಿ ಲೆಕ್ಕ ಮಾಡಿಕೊಳ್ಳಲಿ. ಸಾರ್ವಜನಿಕ ಸೇವೆಗಳಲ್ಲಿ ರಾಜಿ ಮಾತುಕತೆ ನಡೆದಿರುವಾಗ ಮುಷ್ಕರವೂ ಕೂಡದು, ಬೀಗಮುದ್ರೆಯೂ ಕೂಡದು ಎಂಬ ಕಟ್ಟನ್ನು ೧೯೪೭ರ ಕೈಗಾರಿಕಾ ವಿವಾದ ಕಾಯಿದೆ ಕಾರ್ಮಿಕನ ಮೇಲೆ ಹಾಕಿತ್ತು. ಕಾರ್ಮಿಕನಿಗೆ ಹಾಕಿದ ಕಟ್ಟು ಕೋಟ್ಯಧೀಶರಿಗೆ ಏಕೆ ಬೇಡ?

ಎರಡು: ಬಿಡಿಯಾಗಿ ಕೊಳ್ಳುವ ಹಕ್ಕು ನಿಜವಾದ ಹಕ್ಕಾಗಲಿ. ೨೦೧೯ರಿಂದ ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಆರಿಸಬಹುದೆಂಬ ನಿಯಮ ಬಂತು. ಆದರೆ ನಾಲ್ಕು ಚಾನೆಲ್ಲನ್ನು ಬಿಡಿಯಾಗಿ ಕೊಂಡರೆ ಹತ್ತು ಚಾನೆಲ್ಲಿನ ಕಂತೆಗಿಂತ ಹೆಚ್ಚು ಬೀಳುವಂತೆ ದರ ಕಟ್ಟಿದರೆ, ಆ ಹಕ್ಕು ಗೋಡೆಯ ಮೇಲಿನ ಬರಹ.

ಮೂರು: ದೇಶದ ತಂಡ ಆಡುವ ಪಂದ್ಯಗಳೂ ದೊಡ್ಡ ಕೂಟಗಳ ಅಂತಿಮ ಪಂದ್ಯಗಳೂ ಯಾವ ತಂತಿಯ ಮೂಲಕ ಬಂದರೂ ಎಲ್ಲ ಮನೆಗೂ ಸಿಗುವಂತೆ ಕಾಯಿದೆಯನ್ನು ತಿದ್ದಲಿ. ದರ ಕಟ್ಟುವಲ್ಲಿ ನೋಡುವವರ ಪ್ರತಿನಿಧಿಯೂ ಬೀದಿಯ ಕೇಬಲ್ಲಿನವರ ಪ್ರತಿನಿಧಿಯೂ ಕೂರಲಿ.

೨೦೦೭ರಲ್ಲಿ ಅಮೆರಿಕದ ಜನ ಒಂದು ರಾತ್ರಿಗೆ ಗೆದ್ದರು. ಗದ್ದಲ ಮಾಡಿದ್ದರಿಂದ ಗೆದ್ದರು, ಸಂಘಟನೆ ಇಲ್ಲದ್ದರಿಂದ ಮರುದಿನ ಸೋತರು. ಸಂಘಟನೆಯ ಬೆಲೆ ಏನೆಂದು ಗಿರಣಿಯ ಜನಕ್ಕೆ ನಾನು ಹೇಳಿಕೊಡಬೇಕಾಗಿಲ್ಲ. ಮುಂದಿನ ಸಲ ಪರದೆ ಕಪ್ಪಾದಾಗ ಬೀದಿಯ ಕೇಬಲ್ಲಿನವನ ಮೇಲೆ ಹರಿಹಾಯಬೇಡಿ. ಅವನನ್ನೂ ಕರೆದುಕೊಂಡು ಈ ಸಭೆಗೆ ಬನ್ನಿ.