ಗಂಟೆ ಬಾರಿಸಿದ ಮೇಲಿನ 45 ಸೆಕೆಂಡು

ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳ, ಹೊನ್ನಾವರ ಮುಖ್ಯವಾದವು. ಘಟ್ಟ ಹತ್ತಿ ಅವು ರಾಯರ ಸೈನ್ಯ ಸೇರುತ್ತಿದ್ದವು. ಆ ಹಳೆಯ ನಂಟಿನ ನೆಪದಲ್ಲಿ ಇಂದು ಕುದುರೆ ಜಿಗಿತದ ಸ್ಪರ್ಧೆಯ ಬಗ್ಗೆ, ಅದರಲ್ಲೂ ಸವಾರನ ಎದೆಬಡಿತದ ಬಗ್ಗೆ ಒಂದೆರಡು ಮಾತು.

ಕಂಬಗಳ ನಡುವೆ ಅಡ್ಡಕೋಲು ಸುಮ್ಮನೆ ಕೂತಿರುತ್ತದೆ. ಗೊರಸು ತಾಗಿ ಉರುಳಿತೋ, 4 ದಂಡಾಂಕ. ಗಂಟೆ ಬಾರಿಸಿದ ಮೇಲೆ ಹೊರಡಲು 45 ಸೆಕೆಂಡು ಸಿಗುತ್ತದೆ. ಅಂಜಿಕೆ ಅಮರಿಕೊಳ್ಳುವುದು ಆಗಲೇ. ಮೊದಲು ಉಸಿರು ಕಟ್ಟುತ್ತದೆ. ತೊಡೆ ಬಿಗಿಯುತ್ತದೆ, ಕೈ ತನ್ನಷ್ಟಕ್ಕೆ ಲಗಾಮು ಎಳೆಯುತ್ತದೆ. ಕಾಲು ‘ಓಡು’ ಅನ್ನುತ್ತದೆ, ಕೈ ‘ನಿಲ್ಲು’ ಅನ್ನುತ್ತದೆ. ಪಾಪ, ಕುದುರೆ ಯಾರ ಮಾತು ಕೇಳಬೇಕು?

ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕುದುರೆ ನಡೆಸುವವರಿಗೆ, ಸವಾರರಿಗೆ ‘ಈ ಸಲ ದಾರಿಯಲ್ಲಿ ಕೊಡೆ ಬಿಚ್ಚುತ್ತೇವೆ’ ಎಂದು ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತದ ಜೊತೆಗೆ ಕುದುರೆಗಳದ್ದೂ ಏರಿತು. ಬೇರೆ ಆಟಗಳಲ್ಲಿ ಭಯವನ್ನು ಒಳಗೇ ನುಂಗಿಕೊಳ್ಳಬಹುದು, ಇಲ್ಲಿ ಆಗದು.

ಹಾಗಾಗಿ ಸವಾರರು ದೇಹಕ್ಕೆ ಕೆಲಸ ಹಚ್ಚುತ್ತಾರೆ. ಸ್ಪರ್ಧೆಗೆ ಮೊದಲು ಕುದುರೆಯನ್ನು ಹೊರಗೆ ಬಿಟ್ಟು ಅಂಗಳವನ್ನು ಕಾಲ್ನಡಿಗೆಯಲ್ಲಿ ಅಳೆಯುತ್ತಾರೆ. ತಡೆಗಳ ನಡುವೆ ಓಡುವಾಗ ಕುದುರೆಯ ಒಂದು ನೆಗೆತಕ್ಕೆ ಸುಮಾರು 12 ಅಡಿ, ಅಂದರೆ ಮನುಷ್ಯನ ನಾಲ್ಕು ದೊಡ್ಡ ಹೆಜ್ಜೆ. ಎಲ್ಲಿ ತಿರುಗಬೇಕು, ಎಷ್ಟು ನೆಗೆತ ಹಾಕಿಸಬೇಕು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿದ್ದರೆ ಹೆದರಿಕೆಗೆ ಜಾಗ ಕಡಿಮೆ. ಹೊರಡುವ ಮುನ್ನ ಉದ್ದಕ್ಕೆ ಉಸಿರು ಬಿಡುತ್ತಾರೆ. ಬಾಯಿಬಿಟ್ಟು ನೆಗೆತ ಎಣಿಸುವವರೂ ಉಂಟು. ಕಣ್ಣು ಮಾತ್ರ ಮುಂದಿನ ತಡೆಯ ಮೇಲೆ. ಗುಣವಂತೆಯ ಕೆರೆಮನೆ ಮೇಳದ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ಪಳಗಿದ ವೇಷಧಾರಿಯೂ ಚೌಕಿಯಲ್ಲಿ ಮನಸ್ಸು ಕಟ್ಟಿಕೊಂಡೇ ರಂಗಸ್ಥಳಕ್ಕೆ ಬರುತ್ತಾನೆ.

ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ, ಜಿಗಿತವೂ ಸೇರಿರುವ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್ 2ರ ಸಂಜೆ, ಜಿಗಿತದ ಮೊದಲ ಸುತ್ತಿನಲ್ಲಿ ಅವರ ಕುದುರೆ ಸೀನ್ಯೋರ್ ಮೆಡಿಕಾಟ್‌ಗೆ 8 ದಂಡಾಂಕ ಬಿತ್ತು. ಆದರೂ ಅಂತಿಮ 25ರೊಳಗೆ ಉಳಿದರು. ಅದೇ ರಾತ್ರಿ ಮತ್ತೊಮ್ಮೆ ಅದೇ ಗಂಟೆ, ಅದೇ 45 ಸೆಕೆಂಡು. ಕೊನೆಗೆ 23ನೇ ಸ್ಥಾನ. ಕೋಲು ಬಿದ್ದ ಸದ್ದು ಕಿವಿಯಲ್ಲಿರುವಾಗಲೇ ಮತ್ತೆ ಕುದುರೆ ಏರಿ ಅಂಗಳಕ್ಕೆ ಇಳಿದದ್ದನ್ನು ನಾನು ಪದಕದಷ್ಟೇ ಮೆಚ್ಚುತ್ತೇನೆ.

ಭಟ್ಕಳದಿಂದ ಕುಮಟೆಯವರೆಗಿನ ಕೇಳುಗರಲ್ಲಿ ಒಂದು ವಿನಂತಿ. ಮುಂದೆ ಟಿವಿಯಲ್ಲಿ ಈ ಸ್ಪರ್ಧೆ ಬಂದರೆ ಮೊದಲ ಜಿಗಿತಕ್ಕೆ ಕಾಯಬೇಡಿ. ಗಂಟೆ ಬಾರಿಸಿದ ಕೂಡಲೇ ಸವಾರನ ಕೈ, ಭುಜ ಗಮನಿಸಿ.